ವಾಹನ ವಿಮರ್ಶೆಯಲ್ಲಿ ಹೊರೆಯ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ವಾಹನಗಳ ವಿಮರ್ಶೆಯ ಜೊತೆಗೆ ಅಚ್ಚಾಗುವ ಚಿತ್ರಗಳಲ್ಲಿ ಎತ್ತರದ ಗಾಡಿಯೊಂದು ಹೊಳೆಯ ನೀರನ್ನು ಎರಡೂ ಮಗ್ಗುಲಿಗೆ ಚಿಮ್ಮಿಸುತ್ತಾ ದಾಟುತ್ತಿರುತ್ತದೆ. ಗಮನವಿಟ್ಟು ನೋಡಿದರೆ ಅದರೊಳಗೆ ಚಾಲಕನೊಬ್ಬನೇ ಇರುತ್ತಾನೆ. ಹಿಂದಿನ ಸೀಟು ಖಾಲಿ, ಡಿಕ್ಕಿ ಖಾಲಿ, ಚಾವಣಿಯ ಮೇಲೆ ಒಂದು ಹಗ್ಗದ ತುಂಡೂ ಇಲ್ಲ. ರಜೆಯ ದಿನ ಬೆಳಗಾಗುವ ಮುಂಚೆಯೇ ಡೇರೆ, ಹಾಸಿಗೆ, ಒಲೆ, ನೀರಿನ ಕ್ಯಾನು, ಎರಡು ಸೈಕಲ್ಲು ಹಾಗೂ ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುವ ಇಬ್ಬರು ಮಕ್ಕಳನ್ನು ತುಂಬಿಕೊಂಡು ಕಾಡಂಚಿಗೋ ನದಿಯ ದಂಡೆಗೋ ಹೊರಡುವ ಮನೆಯವರ ಗಾಡಿ ಎಂದೂ ಹಾಗಿರುವುದಿಲ್ಲ. ವಿಹಾರ, ಚಾರಣ, ಕ್ಯಾಂಪಿಂಗ್ ಇವುಗಳಿಗೆ ಒದಗುವ, ಇಂಧನವನ್ನೂ ಉಳಿಸುವ ವಾಹನವನ್ನು ಹುಡುಕುತ್ತಿರುವ ಓದುಗರಿಗೆ ನಿಮ್ಮ ವಾಹನ ಪುಟ ನಿಜಕ್ಕೂ ನೆರವಾಗಬೇಕಾದರೆ ಖಾಲಿ ಗಾಡಿಯನ್ನಲ್ಲ, ತುಂಬಿದ ಗಾಡಿಯನ್ನು ಓಡಿಸಿ ನೋಡಿ ಬರೆಯಬೇಕು ಎಂದು ವಿನಂತಿಸುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ ಆದರೂ ಏಕೆ ಕೇಳುತ್ತಿದ್ದೇನೆಂದು ವಿವರಿಸಲು ಕೊಂಚ ಜಾಗ ಬೇಕಾಗುತ್ತದೆ.

ಅಂಥ ಚಿತ್ರಕ್ಕೆ ಮರುಳಾದವರಲ್ಲಿ ನಾನೂ ಒಬ್ಬ. ಕೆಲವು ವರ್ಷಗಳ ಹಿಂದೆ ಭಾರವಾದ, ಎತ್ತರವಾದ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಕೊಂಡ ದಿನದಿಂದಲೇ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟು, ಟ್ಯಾಂಕ್ ತುಂಬಿಸಿದಾಗಲೆಲ್ಲ ಎಷ್ಟು ಲೀಟರ್ ಹಿಡಿಯಿತು, ಮೀಟರ್ ಎಷ್ಟು ತೋರಿಸಿತು, ಯಾವ ದಾರಿ, ಗಾಡಿಯಲ್ಲಿ ಎಷ್ಟು ಜನ ಎಂದು ಬರೆದಿಡುತ್ತಾ ಬಂದೆ. ವರ್ಷ ತುಂಬಿದ ಮೇಲೆ ಕೂಡಿಸಿ ನೋಡಿದರೆ ಒಟ್ಟು ಓಡಿದ್ದು 11,400 ಕಿಲೋಮೀಟರ್. ಅದರಲ್ಲಿ ಡಾಂಬರು ಬಿಟ್ಟು ಮಣ್ಣು, ಜಲ್ಲಿ, ಹುಲ್ಲಿನ ಮೇಲೆ ಓಡಿದ್ದು 230 ಕಿಲೋಮೀಟರ್, ಅಂದರೆ ನೂರಕ್ಕೆ ಎರಡು ಪಾಲು. ನಾಲ್ಕು ಗಾಲಿಯ ಲಿವರನ್ನು ಎಳೆದದ್ದು ಎರಡು ಸಲ, ಅದರಲ್ಲೂ ಒಂದು ಸಲ ಎಳೆದದ್ದು ಗೆಳೆಯನಿಗೆ ತೋರಿಸುವುದಕ್ಕಾಗಿ. ಲೀಟರಿಗೆ ಸರಾಸರಿ 11 ಕಿಲೋಮೀಟರ್ ಕೊಟ್ಟ ಆ ಗಾಡಿಯನ್ನು ಮಾರಿ, 18 ಕೊಡುವ, ಮುಂದಿನ ಎರಡು ಗಾಲಿಗಳಿಂದ ಓಡುವ, ಹಿಂಬದಿಯಲ್ಲಿ ಉದ್ದನೆಯ ಜಾಗವಿರುವ ಸಾಧಾರಣ ಕಾರೊಂದಕ್ಕೆ ಬದಲಾಯಿಸಿದೆ. ಅಷ್ಟೇ ದೂರಕ್ಕೆ ವರ್ಷಕ್ಕೆ ಸುಮಾರು 400 ಲೀಟರ್ ಉಳಿಯಿತು. ಹೋಗುತ್ತಿದ್ದ ಜಾಗಗಳಲ್ಲಿ ಒಂದೇ ಒಂದು ಮಾತ್ರ ಕೈತಪ್ಪಿತು. ಅಲ್ಲಿಗೆ ಈಗ ಕೊನೆಯ ಎರಡು ಕಿಲೋಮೀಟರ್ ನಡೆದು ಹೋಗುತ್ತೇವೆ.

ಮೈಲೇಜ್ ಎಂಬ ಅಂಕಿಯೇ ನಮ್ಮನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಲೀಟರಿಗೆ 20 ಕೊಡುವ ಕಾರನ್ನು ಬಿಟ್ಟು 25 ಕೊಡುವ ಕಾರನ್ನು ಕೊಂಡವನು ಐದು ಗೆದ್ದೆನೆಂದು ಹಿಗ್ಗುತ್ತಾನೆ. 8 ಕೊಡುವುದನ್ನು ಬಿಟ್ಟು 10 ಕೊಡುವುದನ್ನು ಕೊಂಡವನ ಗಳಿಕೆ ಬರೀ ಎರಡು ಎಂದು ಕಾಣುತ್ತದೆ. ಆದರೆ ಇಬ್ಬರೂ ವರ್ಷಕ್ಕೆ 12,000 ಕಿಲೋಮೀಟರ್ ಓಡಿಸಿದರೆ ಮೊದಲನೆಯವನು ಉಳಿಸುವುದು 120 ಲೀಟರ್, ಎರಡನೆಯವನು ಉಳಿಸುವುದು 300 ಲೀಟರ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ಇಬ್ಬರು 2008ರಲ್ಲಿ 'ಸೈನ್ಸ್' ನಿಯತಕಾಲಿಕದಲ್ಲಿ ಈ ಭ್ರಮೆಯ ಕುರಿತೇ ಬರೆದರು. ಇಷ್ಟು ದೂರಕ್ಕೆ ಎಷ್ಟು ಇಂಧನ ಎಂದು ಕೇಳಬೇಕೇ ಹೊರತು ಇಷ್ಟು ಇಂಧನಕ್ಕೆ ಎಷ್ಟು ದೂರ ಎಂದಲ್ಲ ಎಂಬುದು ಅವರ ವಾದದ ತಿರುಳು. ಯುರೋಪಿನ ಬಹುತೇಕ ದೇಶಗಳಲ್ಲಿ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದೇ ಲೆಕ್ಕ ಹಾಕುತ್ತಾರೆ. ಭಾರದ ಗಾಡಿ ಬೇಕೇ ಬೇಕು ಎನ್ನುವವರಿಗೆ ಈ ಲೆಕ್ಕದಲ್ಲೊಂದು ಸಮಾಧಾನವೂ ಇದೆ. ಅವರು ಅದೇ ವರ್ಗದಲ್ಲಿ ಕೊಂಚ ಹಗುರವಾದದ್ದನ್ನು ಆರಿಸಿಕೊಂಡರೂ ಉಳಿತಾಯ ದೊಡ್ಡದೇ ಆಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ನಾವು ನೋಡಲು ಹೋಗುವ ಕಾಡಿನ ಗಾಳಿಗೂ ಈ ಲೆಕ್ಕ ಸಂಬಂಧಪಟ್ಟದ್ದೇ.

ಇನ್ನು ಕಂಪನಿಗಳು ಕೊಡುವ ಮೈಲೇಜ್ ಅಂಕಿ. ಅದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಗಾಲಿ ತಿರುಗಿಸಿ ಅಳೆದದ್ದು. ಯುರೋಪಿನಲ್ಲಿ ಹಳೆಯ ಪರೀಕ್ಷಾ ಕ್ರಮ ವಾಸ್ತವಕ್ಕೆ ತೀರ ದೂರವಾಗಿತ್ತೆಂದು 2017ರಲ್ಲಿ ಹೊಸ ಕ್ರಮವನ್ನು ಜಾರಿಗೆ ತಂದರು. ಹಾಗೆ ಬಿಗಿಮಾಡಿದ ಮೇಲೂ, ರಸ್ತೆಯ ಮೇಲೆ ಓಡುವ ಕಾರುಗಳಿಂದಲೇ ಸಂಗ್ರಹಿಸಿದ ಮಾಹಿತಿಯನ್ನು ಮುಂದಿಟ್ಟುಕೊಂಡು ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ನಿಜವಾದ ಖರ್ಚು ಘೋಷಿತ ಅಂಕಿಗಿಂತ ಸರಾಸರಿ ಐದನೇ ಒಂದು ಪಾಲಿನಷ್ಟು ಹೆಚ್ಚಿತ್ತು. ಗೋಡೆಯ ಪ್ಲಗ್ಗಿನಿಂದಲೂ ಚಾರ್ಜ್ ಮಾಡಬಹುದಾದ ಹೈಬ್ರಿಡ್‌ಗಳಲ್ಲಂತೂ ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಹೇಳಿದ್ದರ ಮೂರೂವರೆ ಪಟ್ಟು ಇತ್ತು, ಏಕೆಂದರೆ ಕೊಂಡವರು ಎಣಿಸಿದಷ್ಟು ಸಲ ಅವನ್ನು ಚಾರ್ಜ್ ಮಾಡುತ್ತಿರಲಿಲ್ಲ. ಇವೆಲ್ಲ ನಿತ್ಯದ ಓಡಾಟದ ಅಂಕಿಗಳು. ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಸೈಕಲ್ಲು ಹೇರಿಕೊಂಡು ಏರು ದಾರಿ ಹತ್ತುವ ಗಾಡಿಯ ಮೈಲೇಜನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ಆ ಹೊರೆಯ ವಿಷಯವನ್ನೇ ತೆಗೆದುಕೊಳ್ಳೋಣ. ಪ್ರತಿಯೊಂದು ಗಾಡಿಗೂ ಅದರ ಸ್ವಂತ ತೂಕ ಇಷ್ಟು, ತುಂಬಿದಾಗ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಎರಡು ಅಂಕಿಗಳಿರುತ್ತವೆ. ಎರಡರ ನಡುವಿನ ವ್ಯತ್ಯಾಸವೇ ನಾವು ಹೇರಬಹುದಾದ ಹೊರೆ. ಒಂದು ಕಾರು 1,200 ಕಿಲೋ ತೂಗಿ ಒಟ್ಟು ಮಿತಿ 1,600 ಕಿಲೋ ಇದ್ದರೆ ಉಳಿಯುವುದು 400. ತಲಾ 70 ಕಿಲೋದ ಐದು ಮಂದಿ ಕೂತರೆ ಅಲ್ಲಿಗೇ 350 ಆಯಿತು. ಮಿಕ್ಕ 50 ಕಿಲೋದಲ್ಲಿ 20 ಲೀಟರಿನ ಒಂದು ನೀರಿನ ಕ್ಯಾನು 20 ಕಿಲೋವನ್ನು ತಿಂದುಹಾಕುತ್ತದೆ. ಡೇರೆ, ಒಲೆ, ಪಾತ್ರೆ, ಬಟ್ಟೆಬರೆಗಳಿಗೆ ಉಳಿಯುವುದು 30. ಇದನ್ನು ಮೀರಿದರೆ ಗಾಡಿ ನಿಂತುಬಿಡುವುದಿಲ್ಲವಾದ್ದರಿಂದ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಬ್ರೇಕ್ ಹಿಡಿಯುವ ದೂರ ಹೆಚ್ಚುತ್ತದೆ, ಟೈರ್ ಬಿಸಿಯಾಗುತ್ತದೆ, ಹಿಂಬದಿ ಕುಸಿದು ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನೋಡಲು ದೈತ್ಯನಂತಿರುವ ಕೆಲವು ಏಳು ಸೀಟಿನ ಗಾಡಿಗಳಲ್ಲಿ ಏಳೂ ಜನ ಕೂತ ಮೇಲೆ ಸಾಮಾನಿಗೆ ಉಳಿಯುವ ತೂಕವೂ ಜಾಗವೂ ಒಂದು ಸಣ್ಣ ಕಾರಿನಲ್ಲಿ ಇರುವುದಕ್ಕಿಂತ ಕಡಿಮೆ ಎಂಬುದು ಶೋರೂಮಿನಲ್ಲಿ ಖಾಲಿ ಸೀಟುಗಳನ್ನು ನೋಡಿದವರಿಗೆ ಹೊಳೆಯುವುದಿಲ್ಲ.

ಚಾವಣಿಯ ಮೇಲೆ ಹೇರುವುದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಚಾವಣಿ ಎಷ್ಟು ಭಾರ ತಾಳುತ್ತದೆ ಎಂಬ ಅಂಕಿ ಮಾಲೀಕರ ಕೈಪಿಡಿಯ ಯಾವುದೋ ಮೂಲೆಯಲ್ಲಿ ಅವಿತಿರುತ್ತದೆ. ಅನೇಕ ಕಾರುಗಳಲ್ಲಿ ಅದು 50ರಿಂದ 100 ಕಿಲೋದೊಳಗೇ ಇದ್ದು, ಕ್ಯಾರಿಯರಿನ ತೂಕವೂ ಅದರಲ್ಲೇ ಸೇರಿರುತ್ತದೆ. ಮೇಲೆ ಹೇರಿದ ಭಾರ ತಿರುವುಗಳಲ್ಲಿ ಗಾಡಿಯನ್ನು ಓಲಾಡಿಸುವುದು ಒಂದು ಕಡೆಯಾದರೆ, ಗಾಳಿಗೆ ಎದೆಯೊಡ್ಡಿ ಇಂಧನ ಕುಡಿಸುವುದು ಇನ್ನೊಂದು. ಅಮೆರಿಕದ ಸರ್ಕಾರಿ ಇಂಧನ ಮಾಹಿತಿಯ ಪ್ರಕಾರ ಚಾವಣಿಯ ಮೇಲಿನ ದೊಡ್ಡ ಸಾಮಾನು ಪೆಟ್ಟಿಗೆಯಿಂದ ಮೈಲೇಜ್ ಊರೊಳಗೆ ಶೇಕಡ 2ರಿಂದ 8ರವರೆಗೂ, ಹೆದ್ದಾರಿಯಲ್ಲಿ ಶೇಕಡ 6ರಿಂದ 17ರವರೆಗೂ, ಗಂಟೆಗೆ 105ರಿಂದ 120 ಕಿಲೋಮೀಟರ್ ವೇಗದಲ್ಲಿ ಶೇಕಡ 10ರಿಂದ 25ರವರೆಗೂ ಇಳಿಯಬಹುದು. ಅದೇ ಸಾಮಾನನ್ನು ಗಾಡಿಯ ಹಿಂದೆ ಕಟ್ಟಿದರೆ ಹೆದ್ದಾರಿಯಲ್ಲಿ ಶೇಕಡ 1ರಿಂದ 5ರಷ್ಟು ಮಾತ್ರ. ನನ್ನ ನೋಟ್‌ಬುಕ್ಕಿನಲ್ಲಿಯೂ ಇದೇ ಕಥೆಯಿದೆ: ಎರಡು ಸೈಕಲ್ಲುಗಳನ್ನು ಮೇಲೆ ನಿಲ್ಲಿಸಿ ಕಟ್ಟಿ ಹೋದ ಸಲ ಲೀಟರಿಗೆ 15, ಅದೇ ದಾರಿ, ಅದೇ ಜನ, ಸೈಕಲ್ಲುಗಳು ಹಿಂದಿನ ಬಾಗಿಲಿನ ಸ್ಟ್ಯಾಂಡಿನಲ್ಲಿದ್ದಾಗ 17. ಹಿಂದೆ ಕಟ್ಟಿದರೆ ದೀಪ ಮತ್ತು ನಂಬರ್ ಪ್ಲೇಟ್ ಮುಚ್ಚದಂತೆ ನೋಡಿಕೊಳ್ಳಬೇಕು, ಅಷ್ಟೇ. ಇಷ್ಟೆಲ್ಲ ಆದರೂ ವರ್ಷಕ್ಕೆ ಎರಡು ಪ್ರವಾಸ ಮುಗಿಸಿ ಖಾಲಿ ಕ್ಯಾರಿಯರನ್ನು ಮಿಕ್ಕ 50 ವಾರವೂ ತಲೆಯ ಮೇಲೆ ಹೊತ್ತು ಕಚೇರಿಗೆ ಹೋಗುವವರು ಎಷ್ಟೋ ಮಂದಿ. ನಾಲ್ಕು ಬೋಲ್ಟು ಬಿಚ್ಚಲು ಹತ್ತು ನಿಮಿಷ ಸಾಕು. ನಾನೂ ಮೊದಲ ವರ್ಷ ಬಿಚ್ಚಿರಲಿಲ್ಲ. ಕಿಟಕಿ ಏರಿಸಿದ ಮೇಲೂ ಕೇಳುತ್ತಿದ್ದ ಸಿಳ್ಳೆ ಎಲ್ಲಿಂದ ಬರುತ್ತಿದೆಯೆಂದು ತಿಂಗಳುಗಟ್ಟಲೆ ಹುಡುಕಿದ್ದೆ.

ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗವನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುವುದರಿಂದ ಗಂಟೆಗೆ 80ರ ಬದಲು 100ರಲ್ಲಿ ಹೋದರೆ ತಡೆ ಒಂದೂವರೆ ಪಟ್ಟಿಗೂ ಮಿಗಿಲು, 120ರಲ್ಲಿ ಎರಡೂಕಾಲು ಪಟ್ಟು. ಎತ್ತರದ, ಚೌಕಾಕಾರದ ಗಾಡಿಗೆ ಎದುರು ಮೈ ಅಗಲವಾದ್ದರಿಂದ ಈ ದಂಡ ಇನ್ನೂ ಹೆಚ್ಚು. ಕಾಡಿಗಾಗಿ ರೂಪಿಸಿದ ಮೈಕಟ್ಟಿನ ತೆರಿಗೆಯನ್ನು ನಾವು ಕಾಡಿನಲ್ಲಿ ಕಟ್ಟುವುದಿಲ್ಲ, ಅಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ಕಟ್ಟುತ್ತೇವೆ.

ಹಾಗಾದರೆ ಫೋರ್ ವೀಲ್ ಡ್ರೈವ್ ಬೇಡವೇ ಎಂದು ಕೇಳಿದರೆ, ಮರಳು, ಹಿಮ, ಕೆಸರಿನ ಏರುಗಳಲ್ಲಿ ಪದೇ ಪದೇ ಓಡಾಡುವವರಿಗೆ ಖಂಡಿತ ಬೇಕು ಎನ್ನುತ್ತೇನೆ. ಮಿಕ್ಕವರಿಗೆ ಅದು ಹೆಚ್ಚುವರಿ ಶಾಫ್ಟು, ಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲು, ಎಣ್ಣೆ, ಹತ್ತಾರು ಕಿಲೋ ತೂಕ ಮತ್ತು ಅವನ್ನೆಲ್ಲ ಸದಾ ತಿರುಗಿಸುವ ಇಂಧನ. ನಾಲ್ಕು ಗಾಲಿಗೆ ಬಲ ಹೋದರೆ ಗಾಡಿ ಹೊರಡುವುದು ಸುಲಭವಾಗುತ್ತದೆಯೇ ಹೊರತು ನಿಲ್ಲುವುದು ಸುಲಭವಾಗುವುದಿಲ್ಲ. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗೇ ಇರುತ್ತದೆ, ನೆಲವನ್ನು ಹಿಡಿಯಬೇಕಾದ್ದು ಟೈರು. ಇದನ್ನು ನಾನು ಒದ್ದೆ ಹುಲ್ಲುಗಾವಲೊಂದರಲ್ಲಿ ಕಲಿತೆ. ರಾತ್ರಿ ಮಳೆ ಬಿದ್ದು ಬೆಳಗ್ಗೆ ಡೇರೆ ಬಿಚ್ಚಿ ಹೊರಡುವಾಗ ನನ್ನ ಎರಡು ಟನ್ನಿನ ಗಾಡಿ ಸವೆದ ಹೆದ್ದಾರಿ ಟೈರುಗಳ ಮೇಲೆ ನಾಲ್ಕೂ ಗಾಲಿ ತಿರುಗಿಸುತ್ತಾ ನಿಂತಲ್ಲೇ ನಾಲ್ಕು ಗುಂಡಿ ತೋಡಿಕೊಂಡಿತು. ಪಕ್ಕದಲ್ಲೇ ಇದ್ದ ವಯಸ್ಸಾದ ದಂಪತಿಯ ಹ್ಯಾಚ್‌ಬ್ಯಾಕು, ಗೀರು ಆಳವಾಗಿದ್ದ ಹೊಸ ಟೈರುಗಳ ಪುಣ್ಯದಿಂದ, ಎರಡನೇ ಗೇರಿನಲ್ಲಿ ಮೆಲ್ಲಗೆ ಎದ್ದು ಹೊರಟುಹೋಯಿತು. ಆ ಅಜ್ಜ ಕಾರು ನಿಲ್ಲಿಸಿ ಬಂದು, ಏನೂ ಹೇಳದೆ, ನನ್ನ ಕಾಲ ಬಳಿ ಬಿದ್ದಿದ್ದ ರಬ್ಬರ್ ಮ್ಯಾಟುಗಳನ್ನು ಗಾಲಿಯ ಮುಂದಕ್ಕೆ ತುರುಕಿದರು. ಅರ್ಧ ಗಂಟೆ ಬೇಕಾಯಿತು. ನನ್ನ ಮೊಣಕಾಲಿನವರೆಗಿನ ಕೆಸರನ್ನು ನೋಡಿದ ಮಗಳು ಗಾಡಿಯ ಹಿಂಬದಿಯಲ್ಲಿ ಹೊಳೆಯುತ್ತಿದ್ದ 4×4 ಎಂಬ ಅಂಟುಪಟ್ಟಿಯನ್ನು ಬೆರಳಿನಿಂದ ತೋರಿಸಿ ನಕ್ಕದ್ದು ನನಗಿನ್ನೂ ಮರೆತಿಲ್ಲ.

ಟೈರಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಒರಟು ಗೀರಿನ, ಎಲ್ಲ ನೆಲಕ್ಕೂ ಸೈ ಎನ್ನುವ ಟೈರುಗಳು ಡಾಂಬರಿನ ಮೇಲೆ ಉರುಳಲು ಹೆಚ್ಚು ಬಲ ಬೇಡುತ್ತವೆ, ಸದ್ದನ್ನೂ ಮಾಡುತ್ತವೆ. ಯುರೋಪಿನಲ್ಲಿ 2012ರಿಂದ ಪ್ರತಿ ಹೊಸ ಟೈರಿಗೂ ಇಂಧನ ಉಳಿತಾಯ, ಒದ್ದೆ ರಸ್ತೆಯಲ್ಲಿ ಹಿಡಿತ, ಸದ್ದು ಈ ಮೂರಕ್ಕೂ ದರ್ಜೆ ನಮೂದಿಸಿದ ಚೀಟಿಯನ್ನು ಕಡ್ಡಾಯ ಮಾಡಿದ್ದಾರೆ. ಟೈರಿನೊಳಗಿನ ಗಾಳಿಯ ಒತ್ತಡ ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಶೇಕಡ 0.2ರಷ್ಟು ಇಳಿಯುತ್ತದೆಂದು ಅದೇ ಅಮೆರಿಕದ ಮಾಹಿತಿ ಹೇಳುತ್ತದೆ. ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿರುವ ಚೀಟಿಯಲ್ಲಿ ಖಾಲಿ ಗಾಡಿಗೆ ಎಷ್ಟು ಗಾಳಿ, ತುಂಬಿದ ಗಾಡಿಗೆ ಎಷ್ಟು ಗಾಳಿ ಎಂದು ಸಾಮಾನ್ಯವಾಗಿ ಬೇರೆಬೇರೆಯಾಗಿಯೇ ಬರೆದಿರುತ್ತಾರೆ. ಪ್ರವಾಸಕ್ಕೆ ಹೊರಡುವ ಮುನ್ನ ಗಾಳಿ ಹೊಡೆಸುವವರೂ ಎರಡನೆಯ ಅಂಕಿಯನ್ನು ನೋಡುವುದು ಅಪರೂಪ. ಇದಕ್ಕಿಂತ ಗಂಭೀರವಾದದ್ದೆಂದರೆ ಸ್ಟೆಪ್ನಿ. ತೂಕ ಮತ್ತು ಜಾಗ ಉಳಿಸಲೆಂದು ಈಚಿನ ಅನೇಕ ಕಾರುಗಳಲ್ಲಿ ಸ್ಟೆಪ್ನಿಯನ್ನೇ ತೆಗೆದು ಒಂದು ಅಂಟುದ್ರವದ ಬಾಟಲಿಯನ್ನೂ ಪುಟ್ಟ ಪಂಪನ್ನೂ ಇಟ್ಟಿರುತ್ತಾರೆ. ಮೊಳೆ ಚುಚ್ಚಿದ ತೂತಿಗೆ ಅದು ಸಾಕು. ಚೂಪುಗಲ್ಲಿಗೆ ಸಿಕ್ಕು ಟೈರಿನ ಮಗ್ಗುಲು ಸೀಳಿದರೆ ಆ ಬಾಟಲಿ ಯಾವ ಕೆಲಸಕ್ಕೂ ಬಾರದು, ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಲ್ಲೇ ಮಗ್ಗುಲು ಸೀಳುವುದು. ವಿಹಾರಕ್ಕಾಗಿ ಕಾರು ಕೊಳ್ಳುವವರು ಡಿಕ್ಕಿಯ ಹಾಸನ್ನು ಎತ್ತಿ ಕೆಳಗೆ ಏನಿದೆಯೆಂದು ನೋಡದೆ ಮುಂಗಡ ಕೊಡಬಾರದು.

ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ ಮುಖ್ಯವೇ, ಆದರೆ ಅದೊಂದೇ ಅಲ್ಲ. ಕರಪತ್ರದಲ್ಲಿ 180 ಮಿಲಿಮೀಟರ್ ಎಂದಿದ್ದರೂ ಅದು ಖಾಲಿ ಗಾಡಿಯದೋ ತುಂಬಿದ ಗಾಡಿಯದೋ ಎಂದು ಕೇಳಬೇಕು. ಜನ, ಸಾಮಾನು ಕೂತ ಮೇಲೆ ಅದರಲ್ಲಿ ಕೆಲವು ಸೆಂಟಿಮೀಟರ್ ಇಳಿದುಹೋಗುತ್ತದೆ. ಮುಂದಿನ ಬಂಪರ್ ಗಾಲಿಗಿಂತ ಬಹಳ ಮುಂದಕ್ಕೆ ಚಾಚಿದ್ದರೆ ಹಳ್ಳಕ್ಕೆ ಇಳಿಯುವಾಗ ಅದೇ ಮೊದಲು ನೆಲ ಮುಟ್ಟುತ್ತದೆ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಉದ್ದ ಹೆಚ್ಚಿದ್ದರೆ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗುತ್ತದೆ. ಜಲ್ಲಿ ದಾರಿ, ಹೊಲದ ಬದಿಯ ಮಣ್ಣಿನ ರಸ್ತೆ, ಕ್ಯಾಂಪಿಂಗ್ ಜಾಗದ ಹುಲ್ಲು ಇಷ್ಟಕ್ಕೆ 170ರಿಂದ 200 ಮಿಲಿಮೀಟರ್ ಇರುವ ಹಗುರವಾದ ಕಾರು ಸಾಕೇ ಸಾಕು.

ಹಗುರ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕಾಡುದಾರಿಗೆ ಭಾರವಾದ ಗಾಡಿಯೇ ಆಗಬೇಕೆಂಬುದು ಈಚಿನ ನಂಬಿಕೆ. 1970ರಲ್ಲಿ ಜಪಾನಿನ ಸುಜುಕಿ ಮಾರುಕಟ್ಟೆಗೆ ತಂದ ಮೊದಲ ಜಿಮ್ನಿ ಎಂಬ ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿಯ ಎಂಜಿನ್ 359 ಸಿಸಿ, ತೂಕ 600 ಕಿಲೋಗಿಂತ ಕಡಿಮೆ. 1977ರ ರಷ್ಯಾದ ಲಾಡಾ ನಿವಾ ಲಾರಿಯಂಥ ಪ್ರತ್ಯೇಕ ಚಾಸಿಸ್ ಇಲ್ಲದೆ ಕಾರಿನಂತೆ ಒಂದೇ ಕವಚದ ಮೈಯಲ್ಲಿ ನಾಲ್ಕು ಗಾಲಿಗೂ ಬಲ ಕೊಟ್ಟಿತು. 1983ರಲ್ಲಿ ಬಂದ ಫಿಯಾಟ್ ಪಾಂಡಾದ ಫೋರ್ ವೀಲ್ ಡ್ರೈವ್ ಮಾದರಿ ಒಂದು ಲೀಟರಿಗಿಂತ ಕಡಿಮೆಯ ಎಂಜಿನ್ನಿನಿಂದ ಓಡುತ್ತಿತ್ತು. ಆಲ್ಪ್ಸ್ ಬೆಟ್ಟಗಳ ಕಡಿದಾದ ದಾರಿಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ಕೆಸರಿನಲ್ಲಿ ಹೂತುಕೊಳ್ಳುವುದು ಭಾರ. ಹಗುರವಾದದ್ದನ್ನು ನಾಲ್ಕು ಜನ ತಳ್ಳಿ ಎಬ್ಬಿಸಬಹುದು, ಎರಡು ಟನ್ನಿನದನ್ನು ಎಬ್ಬಿಸಲು ಟ್ರ್ಯಾಕ್ಟರೇ ಬರಬೇಕು. ಅಮೆರಿಕದ ಅಂದಾಜಿನಂತೆ 45 ಕಿಲೋ ಹೆಚ್ಚಾದರೆ ಮೈಲೇಜ್ ಶೇಕಡ ಒಂದರಷ್ಟು ಇಳಿಯುತ್ತದೆ, ಗಾಡಿ ಚಿಕ್ಕದಾದಷ್ಟೂ ಈ ಪೆಟ್ಟು ಹೆಚ್ಚು.

ಯಾವ ಇಂಧನ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹೊರೆ ಮತ್ತು ದಾರಿಯನ್ನು ನೋಡಿ ಹೇಳಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇಕಡ 10ಕ್ಕೂ ಹೆಚ್ಚು ಶಕ್ತಿಯಿದೆ, ಎಂಜಿನ್ನಿನ ದಕ್ಷತೆಯೂ ಹೆಚ್ಚು, ಕಡಿಮೆ ತಿರುಗುವೇಗದಲ್ಲೇ ಎಳೆತ ಸಿಗುವುದರಿಂದ ಟ್ರೇಲರ್ ಎಳೆಯುವವರಿಗೂ ತುಂಬಿದ ಗಾಡಿಯಲ್ಲಿ ಬೆಟ್ಟ ಹತ್ತುವವರಿಗೂ ಒಪ್ಪುತ್ತದೆ. ಆದರೆ ಇಂದಿನ ಡೀಸೆಲ್ ಕಾರಿನ ಮಸಿ ಸೋಸುವ ಫಿಲ್ಟರ್ ಚೊಕ್ಕವಾಗಲು ಎಂಜಿನ್ ಆಗಾಗ ದೂರ ಓಡಿ ಚೆನ್ನಾಗಿ ಬಿಸಿಯಾಗಬೇಕು. ವಾರವಿಡೀ ಎರಡು ಮೂರು ಕಿಲೋಮೀಟರ್ ಓಡಿಸಿ ತಿಂಗಳಿಗೊಮ್ಮೆ ಕಾಡಿಗೆ ಹೋಗುವವರ ಕಾರಿನಲ್ಲಿ ಅದು ಕಟ್ಟಿಕೊಂಡು ವರ್ಕ್‌ಶಾಪಿನ ದಾರಿ ತೋರಿಸುತ್ತದೆ. ಹೈಬ್ರಿಡ್ ಕಾರು, 1997ರಲ್ಲಿ ಟೊಯೊಟಾ ಪ್ರಿಯಸ್ ಬಂದಂದಿನಿಂದ, ನಿಂತು ನಿಂತು ಸಾಗುವ ಊರ ರಸ್ತೆಯಲ್ಲಿ ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸಿ ಉಳಿತಾಯ ಮಾಡುತ್ತಾ ಬಂದಿದೆ. ಒಂದೇ ವೇಗದ ಹೆದ್ದಾರಿಯಲ್ಲಿ ಅದರ ಮೇಲುಗೈ ಕಡಿಮೆ. ಬೆಟ್ಟದಿಂದ ಉದ್ದಕ್ಕೆ ಇಳಿಯುವಾಗ ಅದರ ಪುಟ್ಟ ಬ್ಯಾಟರಿ ಕೆಲವೇ ನಿಮಿಷಗಳಲ್ಲಿ ತುಂಬಿ, ಆಮೇಲೆ ವೇಗ ತಡೆಯಲು ಎಂಜಿನ್ ಒಮ್ಮೆಲೇ ಗುರುಗುಟ್ಟತೊಡಗುತ್ತದೆ. ಮೊದಲ ಸಲ ಕೇಳಿದವರು ಏನೋ ಕೆಟ್ಟಿತೆಂದು ಹೆದರುತ್ತಾರೆ. ಅದು ಅದರ ಸಹಜ ನಡೆ. ವಿದ್ಯುತ್ ಕಾರು 100 ಕಿಲೋಮೀಟರಿಗೆ 15ರಿಂದ 20 ಯೂನಿಟ್ (ಕಿಲೋವ್ಯಾಟ್ ಗಂಟೆ) ವಿದ್ಯುತ್ ಬಳಸುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುವುದರಿಂದ ಇದು ಎರಡು ಲೀಟರಿನ ಆಸುಪಾಸಿನ ಲೆಕ್ಕ. ರಾತ್ರಿ ಡೇರೆಯ ದೀಪಕ್ಕೂ ನೀರು ಕಾಯಿಸಲಿಕ್ಕೂ ಕಾರಿನಿಂದಲೇ ವಿದ್ಯುತ್ ತೆಗೆಯಲು ಕೆಲವು ಮಾದರಿಗಳಲ್ಲಿ ಅನುಕೂಲವಿದೆ. ಹೋಗಿ ಬರುವ ಒಟ್ಟು ದೂರ, ಚಳಿ, ಏರು, ಹೊರೆ ಇವುಗಳಿಗೆಲ್ಲ ಒಂದಿಷ್ಟು ಕಳೆದ ಮೇಲೂ ದಾರಿಯ ಮೇಲೆ ಚಾರ್ಜಿಂಗ್ ಸಿಗುತ್ತದೆ ಎಂಬ ಭರವಸೆಯಿದ್ದರೆ ಅದಕ್ಕಿಂತ ಮಿತವ್ಯಯದ್ದು ಬೇರೊಂದಿಲ್ಲ.

ಕೊನೆಗೂ ನಾನು ಈಗಿನ ಕಾರನ್ನು ಆರಿಸಿದ್ದು ಎಂಜಿನ್ ನೋಡಿ ಅಲ್ಲ, ಟೇಪು ಹಿಡಿದು. ಡೇರೆಯ ಚೀಲ, ಮಡಚುವ ಕುರ್ಚಿಗಳು, ಒಲೆಯ ಡಬ್ಬ, ಖಾಲಿ ನೀರಿನ ಕ್ಯಾನು ಇಷ್ಟನ್ನೂ ಹೊತ್ತು ಶೋರೂಮಿಗೆ ಹೋದಾಗ ಅಲ್ಲಿನ ಹುಡುಗ, "ಸರ್, ಇದೆಲ್ಲ ಏನು?" ಎಂದು ಅನುಮಾನದಿಂದ ನೋಡಿದ. ಡಿಕ್ಕಿಗೆ ಇಳಿಸಿ ನೋಡಿದೆ. ಲೀಟರ್ ಲೆಕ್ಕದಲ್ಲಿ ಹೆಚ್ಚು ಜಾಗವಿದೆಯೆಂದು ಹೇಳಿಕೊಂಡಿದ್ದ ಕಾರಿನಲ್ಲಿ ಗಾಲಿಯ ಗೂಡುಗಳು ಒಳಕ್ಕೆ ಉಬ್ಬಿ ಡೇರೆಯ ಚೀಲ ಅಡ್ಡಲಾಗಿ ಕೂರಲೇ ಇಲ್ಲ; ಕಡಿಮೆ ಲೀಟರಿನ ಇನ್ನೊಂದರಲ್ಲಿ ಅದು ಸಲೀಸಾಗಿ ಕೂತಿತು. ಡಿಕ್ಕಿಯ ಅಂಚು ನನ್ನ ಹೆಂಡತಿಯ ತೊಡೆಯ ಎತ್ತರಕ್ಕಿತ್ತು, ಹಾಗಾಗಿ ನೀರು ತುಂಬಿದ ಕ್ಯಾನನ್ನು ಅವಳೂ ಎತ್ತಿಡಬಹುದು. ಹಿಂದಿನ ಸೀಟು ಮಡಚಿದಾಗ ನೆಲ ಸಮತಟ್ಟಾಗುತ್ತದೆಯೇ, ಮುಂದಿನ ಸೀಟನ್ನು ಸರಿಸಿದರೆ ಮಲಗಲು ಎಷ್ಟು ಉದ್ದ ಸಿಗುತ್ತದೆ ಎಂದು ಅಳೆದೆ: ಒಂದರಲ್ಲಿ 165 ಸೆಂಟಿಮೀಟರ್, ಇನ್ನೊಂದರಲ್ಲಿ 182. ನನ್ನ ಎತ್ತರ 172. ಶೂ ಬಿಚ್ಚಿ ಒಳಗೆ ಮಲಗಿಯೇ ನೋಡಿದೆ. ಅಷ್ಟು ಹೊತ್ತಿಗೆ ಆ ಹುಡುಗನಿಗೂ ಹುರುಪು ಬಂದು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದ. ಚಾವಣಿಯ ಭಾರಮಿತಿ ಎಷ್ಟೆಂದು ಕೇಳಿದಾಗ ಮಾತ್ರ ಅವನಿಗೆ ಗೊತ್ತಿರಲಿಲ್ಲ, ಅವನ ಮೇಲಿನವರಿಗೂ ಗೊತ್ತಿರಲಿಲ್ಲ. ಕೈಪಿಡಿ ತರಿಸಿ ಮೂವರೂ ಕೂಡಿ ಹುಡುಕಿದೆವು.

ನಿಜಕ್ಕೂ ದೊಡ್ಡ ಗಾಡಿಯೇ ಬೇಕಾಗುವ ಪ್ರವಾಸ ವರ್ಷಕ್ಕೆ ಒಂದೋ ಎರಡೋ ಬಂದರೆ ಆ ದಿನಗಳಿಗೆ ಬಾಡಿಗೆಗೆ ತೆಗೆದುಕೊಳ್ಳುವುದು ಮಿಕ್ಕೆಲ್ಲ ದಿನ ಅದನ್ನು ಸಾಕುವುದಕ್ಕಿಂತ ಅಗ್ಗ. ದುರ್ಗಮ ದಾರಿಯಲ್ಲೇ ಬದುಕುವವರಿಗೆ, ರಕ್ಷಣಾ ಕೆಲಸದವರಿಗೆ, ಭಾರದ ದೋಣಿ ಎಳೆಯುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಆದ್ದರಿಂದ ನಿಮ್ಮ ವಾಹನ ಪುಟದ ವಿಮರ್ಶಕರು ಮುಂದೆ ಯಾವುದೇ ಗಾಡಿಯನ್ನು ವಿಹಾರಕ್ಕೆ ಯೋಗ್ಯವೆಂದು ಬರೆಯುವ ಮುನ್ನ ಅದರಲ್ಲಿ ನಾಲ್ಕೈದು ಜನರನ್ನು ಕೂರಿಸಿ, ಡಿಕ್ಕಿ ತುಂಬಿಸಿ, ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದು, 100 ಕಿಲೋಮೀಟರಿಗೆ ಎಷ್ಟು ಲೀಟರ್ ಹಿಡಿಯಿತೆಂದು ಬರೆಯಲಿ ಎಂದು ಕೋರುತ್ತೇನೆ. ಎಷ್ಟು ಕಿಲೋ ಹೇರಬಹುದು, ಚಾವಣಿ ಎಷ್ಟು ತಾಳುತ್ತದೆ, ತುಂಬಿದಾಗ ತಳ ನೆಲಕ್ಕೆ ಎಷ್ಟು ಹತ್ತಿರವಾಗುತ್ತದೆ, ಸೀಟು ಮಡಚಿದರೆ ಎಷ್ಟು ಉದ್ದ ಸಿಗುತ್ತದೆ, ಸ್ಟೆಪ್ನಿ ಇದೆಯೋ ಬಾಟಲಿಯೋ ಎಂಬುದನ್ನೂ ತಪ್ಪದೆ ನಮೂದಿಸಲಿ. ಅಶ್ವಶಕ್ತಿಗೂ ಪರದೆಯ ಇಂಚಿಗೂ ಈಗ ಕೊಡುತ್ತಿರುವ ಜಾಗದಲ್ಲಿ ಕಾಲುಭಾಗ ಸಾಕು. ಹೊಳೆ ದಾಟುವ ಚಿತ್ರ ಬೇಕೇ ಬೇಕೆಂದಿದ್ದರೆ ಅದೂ ಇರಲಿ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿ ತೆಗೆದದ್ದಾಗಿರಲಿ.

ಇಂತಿ ತಮ್ಮ ವಿಶ್ವಾಸಿ,
ವಾಹನ ಪುಟದ ಓದುಗ